ಅಭಿಮಾನಿಗಳು ಮರುಕಟ್ಟಿದ ಆಟವನ್ನು ಸವಿಯುವ ಬಗೆ

ಕಳೆದ ಜೂನ್‌ನಲ್ಲಿ ನನ್ನ ತಂಗಿಯ ಮಗ ಶಿರಸಿಯಿಂದ ಕಾರವಾರಕ್ಕೆ ಬಂದಿದ್ದ. ಪಿಯುಸಿ ಮುಗಿದಿತ್ತು, ಡಿಗ್ರಿ ಕಾಲೇಜು ಇನ್ನೂ ಶುರುವಾಗಿರಲಿಲ್ಲ. ಕೋಡಿಬಾಗದಲ್ಲಿರುವ ನಮ್ಮ ಮನೆಯ ಜಗುಲಿಗೆ ಕಾಳಿ ನದಿಯ ಕಡೆಯಿಂದ ಮಳೆ ಅಡ್ಡಡ್ಡಲಾಗಿ ಬೀಸುತ್ತಿತ್ತು, ಕರೆಂಟು ಗಂಟೆಗೊಮ್ಮೆ ಹೋಗಿ ಬರುತ್ತಿತ್ತು. ಗೋಡೆಗೆ ಒರಗಿ ಲ್ಯಾಪ್‌ಟಾಪ್‌ನಲ್ಲಿ ಆಡುತ್ತಿದ್ದ ಹುಡುಗ ಮೂರನೆಯ ದಿನ ಅದನ್ನು ಮುಚ್ಚಿಟ್ಟು, "ಮಾವ, ಇದು ಗೈಡನ್ ಅಲ್ಲವೇ ಅಲ್ಲ. ಬಿಲ್ಲುಗಾರ ಬೇರೆ, ಮಂತ್ರ ಬೇರೆ, ನಕ್ಷೆ ಕೂಡ ಬೇರೆ" ಎಂದ.

ಅವನು ಆಡುತ್ತಿದ್ದದ್ದು ಫೈರ್ ಎಂಬ್ಲಮ್ ಎಂಬ ಯುದ್ಧತಂತ್ರದ ವಿಡಿಯೊ ಆಟಗಳ ಸರಣಿಯ ಎರಡನೆಯ ಆಟ ಗೈಡನ್ ಅನ್ನು ಅಭಿಮಾನಿಗಳು ಹೊಸದಾಗಿ ಕಟ್ಟಿದ ರೂಪವನ್ನು. ಅವನ ದೂರಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಂಡ ಪ್ರತಿ ವ್ಯತ್ಯಾಸವನ್ನೂ ಅವನು ತಪ್ಪಿನ ಪಟ್ಟಿಗೆ ಸೇರಿಸುತ್ತಿದ್ದ. ಮುಂದಿನ ಎರಡು ವಾರ ನಾವಿಬ್ಬರೂ ಜೊತೆಗೆ ಕುಳಿತು ಅದೇ ಆಟವನ್ನು ಮತ್ತೆ ಮೊದಲಿನಿಂದ ಆಡಿದೆವು. ಆಗ ಕೈಹಿಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಗೈಡನ್‌ನವು. ಬೇರೆ ಯಾವ ಯುದ್ಧತಂತ್ರದ ಆಟದ ಅಭಿಮಾನಿ ರೂಪ ನಿಮ್ಮ ಕೈಯಲ್ಲಿದ್ದರೂ ಈ ಕ್ರಮ ನಡೆಯುತ್ತದೆ.

ಮೊದಲು ಪದ್ಯ ತಿಳಿದುಕೊಳ್ಳಿ

ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಭಾಗವತರು ಹಾಡುವ ಪದ್ಯ ಎಲ್ಲ ಕೂಟದಲ್ಲಿಯೂ ಅದೇ. ಅದರ ಮೇಲೆ ಅರ್ಥಧಾರಿ ಕಟ್ಟುವ ಮಾತು ಪ್ರತಿ ರಾತ್ರಿಯೂ ಹೊಸದು. ಪದ್ಯ ಬಾಯಿಪಾಠ ಇರುವ ಕೇಳುಗನಿಗೆ ಮಾತ್ರ, ಈತ ಎಲ್ಲಿ ಪದ್ಯದೊಳಗೇ ನಿಂತ, ಎಲ್ಲಿ ಹೊರಗೆ ಕಾಲಿಟ್ಟ ಎಂಬುದು ತಿಳಿಯುತ್ತದೆ. ಅಭಿಮಾನಿಗಳ ಆಟವನ್ನು ಕೈಗೆತ್ತಿಕೊಳ್ಳುವ ಮೊದಲು ಮೂಲದ ಪದ್ಯ ನಿಮಗೆ ಗೊತ್ತಿರಬೇಕು.

ಗೈಡನ್ ಹೊರಬಂದದ್ದು 1992ರಲ್ಲಿ, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರಕ್ಕೆ. ತಯಾರಿಸಿದ ಸಂಸ್ಥೆ ಇಂಟೆಲಿಜೆಂಟ್ ಸಿಸ್ಟಮ್ಸ್, ಸರಣಿಯ ಮೂಲ ಕಲ್ಪನೆ ಶೋಜೊ ಕಾಗಾ ಅವರದು. ವ್ಯಾಲೆನ್ಷಿಯಾ ಎಂಬ ಖಂಡ. ಉತ್ತರದಲ್ಲಿ ಡೂಮಾ ದೇವನನ್ನು ನಂಬಿದ ಕಠಿಣ ಬದುಕಿನ ರೀಗಲ್, ದಕ್ಷಿಣದಲ್ಲಿ ಮೀಲಾ ದೇವಿಯ ಕೃಪೆಯಿಂದ ಬೆಳೆ ಸಮೃದ್ಧವಾದ ಜೋಫಿಯಾ. ಬಾಲ್ಯದ ಗೆಳೆಯರಾದ ಆಲ್ಮ್ ಮತ್ತು ಸೆಲಿಕಾ ಎರಡು ಪಡೆಗಳನ್ನು ಕಟ್ಟಿಕೊಂಡು ಎರಡು ದಾರಿಯಲ್ಲಿ ಹೋಗುತ್ತಾರೆ, ಆಟಗಾರ ಇಬ್ಬರನ್ನೂ ನಡೆಸಬೇಕು. ಇದೇ ಕಥೆಯನ್ನು ಕಂಪನಿಯೇ 2017ರಲ್ಲಿ 3ಡಿಎಸ್ ಯಂತ್ರಕ್ಕಾಗಿ ಎಕೋಸ್ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿತು. ಆದ್ದರಿಂದ ಗೈಡನ್‌ಗೆ ಅಭಿಮಾನಿಗಳು ಕೊಡುವ ಯಾವ ರೂಪಕ್ಕೂ ಇಬ್ಬರು ಹಿರಿಯರಿದ್ದಾರೆ, ಎರಡನ್ನೂ ಎದುರಿಗಿಟ್ಟುಕೊಂಡು ನೋಡಬೇಕಾಗುತ್ತದೆ.

ಮೂಲವನ್ನು ಕೊನೆಯವರೆಗೆ ಆಡಿ ಮುಗಿಸಬೇಕೆಂದು ನಾನು ಹೇಳುವುದಿಲ್ಲ. ಮೊದಲ ಅಧ್ಯಾಯವನ್ನು ನೀವೇ ಆಡಿದರೆ ಸಾಕು. ಆಡುವಾಗ ಒಂದು ನೋಟ್‌ಪುಸ್ತಕದಲ್ಲಿ ಮೂಲದ ನಿಯಮಗಳನ್ನು ಬರೆದಿಡಿ. ನಮ್ಮ ಹುಡುಗ ಬರೆದದ್ದು ಇಷ್ಟು: ಒಬ್ಬ ಯೋಧನ ಕೈಯಲ್ಲಿ ಒಂದೇ ವಸ್ತು. ಆಯುಧ ಸವೆಯುವುದಿಲ್ಲ. ಮಂತ್ರ ಹಾಕಿದರೆ ಹಾಕಿದವನ ಜೀವಬಲವೇ ಕರಗುತ್ತದೆ. ಬಿಲ್ಲುಗಾರ ದೂರದಿಂದಲೂ ಹೊಡೆಯುತ್ತಾನೆ, ಪಕ್ಕದ ಮನೆಗೆ (ನಕ್ಷೆಯ ಒಂದು ಚೌಕಕ್ಕೆ ಮನೆ ಎನ್ನುತ್ತೇವೆ) ಬಂದವನಿಗೂ ಹೊಡೆಯುತ್ತಾನೆ. ನಮ್ಮ ಪಡೆಯಲ್ಲಿ ಕೊಡಲಿ ಹಿಡಿಯುವವರೇ ಇಲ್ಲ. ಸತ್ತವನು ಮುಂದಿನ ಯುದ್ಧಕ್ಕೆ ಬರುವುದಿಲ್ಲ. ಈ ಆರು ಸಾಲು ಆಮೇಲೆ ನಮಗೆ ಕೊಟ್ಟ ಸಹಾಯ ಬಹಳ.

ಯಾವ ಅಡಿಪಾಯದ ಮೇಲೆ ಕಟ್ಟಿದ್ದಾರೆ?

ಅಭಿಮಾನಿಗಳು ಬಹಳ ಸಲ ಆಟವನ್ನು ಸೊನ್ನೆಯಿಂದ ಬರೆಯುವುದಿಲ್ಲ. ಅದೇ ಸರಣಿಯ ಇನ್ನೊಂದು ಆಟದ ಎಂಜಿನ್, ಅಂದರೆ ಆಟವನ್ನು ನಡೆಸುವ ಪ್ರೋಗ್ರಾಮ್, ತೆಗೆದುಕೊಂಡು, ಅದರ ಒಳಗಿನ ನಕ್ಷೆ, ಪಾತ್ರ, ಮಾತು, ಸಂಗೀತ ಎಲ್ಲವನ್ನೂ ಬದಲಿಸುತ್ತಾರೆ. ಹಳೆಯ ಮನೆಯ ಕಂಬ, ತೊಲೆ ಹಾಗೆಯೇ ಇಟ್ಟು ಒಳಗಿನ ಕೋಣೆಗಳನ್ನು ಬೇರೆ ಮಾಡಿದಂತೆ. ಸೇಕ್ರೆಡ್ ಎಕೋಸ್ ಎಂಬ ಅಭಿಮಾನಿ ಕೃತಿ ಗೈಡನ್ ಕಥೆಯನ್ನು ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಸೇಕ್ರೆಡ್ ಸ್ಟೋನ್ಸ್ ಆಟದ ಮೇಲೆ ಕಟ್ಟಿದೆ. ಆ ಯಂತ್ರಕ್ಕೆ ಫೈರ್ ಎಂಬ್ಲಮ್ ಆಟಗಳು ಮೂರು ಬಂದಿವೆ, 2002, 2003 ಮತ್ತು 2004ರಲ್ಲಿ. ಕೊನೆಯದೇ ಸೇಕ್ರೆಡ್ ಸ್ಟೋನ್ಸ್.

ಮೂರರಲ್ಲಿ ಕೊನೆಯದನ್ನೇ ಏಕೆ ಆರಿಸಿಕೊಳ್ಳಬೇಕು? ಉತ್ತರ ಆಟದೊಳಗೇ ಇದೆ. ಸೇಕ್ರೆಡ್ ಸ್ಟೋನ್ಸ್‌ನಲ್ಲಿ ನಾಡಿನ ದೊಡ್ಡ ನಕ್ಷೆಯ ಮೇಲೆ ಊರಿಂದೂರಿಗೆ ನಡೆದಾಡಬಹುದು, ದೆವ್ವ ಪಿಶಾಚಿಗಳೊಡನೆ ಯುದ್ಧವಿದೆ, ಯೋಧ ಮೇಲಿನ ದರ್ಜೆಗೆ ಏರುವಾಗ ಎರಡು ದಾರಿಯಲ್ಲಿ ಒಂದನ್ನು ಆರಿಸಬಹುದು, ಅಣ್ಣ ತಂಗಿಯರಿಬ್ಬರು ಎರಡು ದಿಕ್ಕಿಗೆ ಹೋಗುತ್ತಾರೆ. ನಡೆದಾಡುವ ನಕ್ಷೆ, ಪಿಶಾಚಿಗಳು, ಇಬ್ಬರು ನಾಯಕರು ಗೈಡನ್‌ನಲ್ಲಿ ಮೊದಲೇ ಇದ್ದವರು. ಮೊಮ್ಮಗನ ಮನೆಗೆ ಅಜ್ಜನನ್ನು ಕರೆತಂದಂತಾಯಿತು. ಇಂಥ ಆಯ್ಕೆಯನ್ನು ಗುರುತಿಸುವುದು ಮೆಚ್ಚುಗೆಯ ಮೊದಲ ಪಾಠ.

ಅಡಿಪಾಯ ಕೆಲವನ್ನು ಸುಲಭ ಮಾಡಿದರೆ ಕೆಲವಕ್ಕೆ ಅಡ್ಡ ನಿಲ್ಲುತ್ತದೆ. ಗೇಮ್ ಬಾಯ್ ಅಡ್ವಾನ್ಸ್ ಆಟಗಳಲ್ಲಿ ಒಬ್ಬನ ಬಳಿ ಐದು ವಸ್ತುಗಳಿರುತ್ತವೆ. ಕಬ್ಬಿಣದ ಕತ್ತಿ 46 ಸಲ ತಾಗಿದ ಮೇಲೆ ಮುರಿಯುತ್ತದೆ. ಮಂತ್ರಕ್ಕೆ ಗ್ರಂಥ ಬೇಕು, ಆ ಗ್ರಂಥವೂ ಖರ್ಚಾಗುತ್ತದೆ. ಸಾಮಾನ್ಯ ಬಿಲ್ಲುಗಾರ ಎರಡು ಮನೆಯಾಚೆಗೆ ಮಾತ್ರ ಹೊಡೆಯಬಲ್ಲ, ಪಕ್ಕಕ್ಕೆ ಬಂದವನ ಎದುರು ಕೈಕಟ್ಟಿ ನಿಲ್ಲುತ್ತಾನೆ. ಕತ್ತಿಗೆ ಕೊಡಲಿ ಸೋಲುತ್ತದೆ, ಕೊಡಲಿಗೆ ಈಟಿ, ಈಟಿಗೆ ಕತ್ತಿ. ಸೇಕ್ರೆಡ್ ಸ್ಟೋನ್ಸ್‌ನಲ್ಲಿ ಮೇಲುಗೈ ಇದ್ದವನಿಗೆ ಗುರಿಯಲ್ಲಿ 15 ಅಂಶ, ಏಟಿನಲ್ಲಿ 1 ಅಂಶ ಹೆಚ್ಚು. ಗೈಡನ್‌ನಲ್ಲಿ ಈ ತ್ರಿಕೋನವೇ ಇರಲಿಲ್ಲ. ಸರಣಿಗೆ ಅದು ಬಂದದ್ದು 1996ರಲ್ಲಿ.

ಈಗ ನಿಮ್ಮ ನೋಟ್‌ಪುಸ್ತಕದ ಆರು ಸಾಲಿನ ಎದುರು ಮೂರು ಅಂಕಣ ಎಳೆಯಿರಿ. ಉಳಿಸಿಕೊಂಡದ್ದು, ಅಡಿಪಾಯದಿಂದಾಗಿ ಬದಲಾದದ್ದು, ಬೇಕೆಂದೇ ಬದಲಿಸಿದ್ದು. ಆಡುತ್ತ ಆಡುತ್ತ ತುಂಬಿಸಿ. ಮಂತ್ರಕ್ಕೆ ಜೀವಬಲ ಕೊಡುವ ಪದ್ಧತಿ ಗ್ರಂಥದ ಲೆಕ್ಕಕ್ಕೆ ಒಗ್ಗಿಕೊಂಡ ಎಂಜಿನ್ನಿನಲ್ಲಿಯೂ ಉಳಿದುಕೊಂಡಿದೆ ಎಂದರೆ, ಯಾರೋ ಕುಳಿತು ಆ ಎಂಜಿನ್ನಿನ ಒಳಗಿನ ಸಾಲುಗಳನ್ನೇ ತಿದ್ದಿದ್ದಾರೆ ಎಂದು ಅರ್ಥ. ಪರದೆಯ ಮೇಲೆ ಅದು ಒಂದು ಸಣ್ಣ ಅಂಕಿ ಕಡಿಮೆಯಾಗುವುದು ಅಷ್ಟೇ. ಆ ಅಂಕಿಯ ಹಿಂದಿನ ಶ್ರಮ ಮೂಲ ತಿಳಿದವನಿಗೆ ಬಿಟ್ಟರೆ ಇನ್ನಾರಿಗೂ ಕಾಣುವುದಿಲ್ಲ. ಮೊದಲು "ಮಂತ್ರ ಬೇರೆ" ಎಂದಿದ್ದ ಹುಡುಗ ಈ ಅಂಕಣ ತುಂಬಿಸಿದ ಸಂಜೆ ಸುಮಾರು ಹೊತ್ತು ಮಾತಾಡಲಿಲ್ಲ.

ಪ್ಯಾಚ್ ಹಾಕುವಾಗ

ಇದು ಸಣ್ಣ ಕೆಲಸ, ಆದರೆ ಇಲ್ಲಿ ಎಡವಿದವರು ಆಟವನ್ನೇ ಬೈಯುತ್ತಾರೆ. ಅಭಿಮಾನಿಗಳು ಹಂಚುವುದು ಪೂರ್ತಿ ಆಟವನ್ನಲ್ಲ, ಅಡಿಪಾಯವಾದ ಮೂಲ ಆಟಕ್ಕೂ (ಇಲ್ಲಿ ಸೇಕ್ರೆಡ್ ಸ್ಟೋನ್ಸ್) ತಮ್ಮ ಆಟಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ. ಅದೇ ಪ್ಯಾಚ್. ಮೂಲ ಆಟದ ಹಕ್ಕು ಕಂಪನಿಯದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿಯೂ ಕಂಪ್ಯೂಟರ್ ಪ್ರೋಗ್ರಾಮಿಗೆ ರಕ್ಷಣೆ ಇದೆ. ಆದ್ದರಿಂದ ಮೂಲ ಆಟ ನಿಮ್ಮದೇ ಆಗಿರಲಿ. ಪ್ಯಾಚ್ ಹಾಕಿದ ಆಟವನ್ನು ಕ್ಯಾಸೆಟ್‌ನಲ್ಲಿ ತುಂಬಿ ಮಾರುವವರಿಂದ ಕೊಳ್ಳಬೇಡಿ. ಕಟ್ಟಿದವರು ಬಿಡಿಗಾಸೂ ಕೇಳದೆ ಕೊಟ್ಟದ್ದನ್ನು ಬೇರೊಬ್ಬರು ಮಾರುವುದು ನನಗೆ ಸಹಿಸಲಾಗದ ಸಂಗತಿ.

ಪ್ಯಾಚ್ ಕಡತದ ಹೆಸರಿನ ಕೊನೆಯನ್ನು ನೋಡಿ. ಯುಪಿಎಸ್ ಅಥವಾ ಬಿಪಿಎಸ್ ಎಂದಿದ್ದರೆ ಅದರೊಳಗೆ ಒಂದು ತಾಳೆಸಂಖ್ಯೆ ಇರುತ್ತದೆ, ನೀವು ಕೊಟ್ಟ ಮೂಲ ಕಡತ ಬೇರೆಯದಾದರೆ ಅದು ತಿಳಿಸುತ್ತದೆ. ಐಪಿಎಸ್ ಎಂದಿದ್ದರೆ ಈ ಪರೀಕ್ಷೆ ಇಲ್ಲ, ಯಾವುದರ ಮೇಲೆ ಬೇಕಾದರೂ ಕುಳಿತುಬಿಡುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಐಪಿಎಸ್ ಪ್ಯಾಚ್ ಒಂದನ್ನು ಬೇರೆ ದೇಶದ ಆವೃತ್ತಿಯ ಮೇಲೆ ಹಾಕಿದ್ದೆ. ಆಟ ತೆರೆಯಿತು, ಎರಡು ಯುದ್ಧವೂ ನಡೆಯಿತು. ಮೂರನೆಯದರಲ್ಲಿ ಮುಖಗಳೆಲ್ಲ ಚೂರುಚೂರಾಗಿ, ಅಕ್ಷರಗಳು ಬಣ್ಣದ ಚುಕ್ಕಿಗಳಾದವು. ತಪ್ಪು ನನ್ನದಾಗಿತ್ತು, ಪ್ಯಾಚ್ ಕಟ್ಟಿದವರದಲ್ಲ. ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಕಡೆ ಇಟ್ಟಿರಿ, ಪ್ಯಾಚ್ ಜೊತೆ ಬರುವ ಸೂಚನೆಯನ್ನು ಕೊನೆಯ ಸಾಲಿನವರೆಗೆ ಓದಿ.

ಕಂಪ್ಯೂಟರ್‌ನಲ್ಲಿ ಆಡುವುದಾದರೆ ಎಂಜಿಬಿಎ ಎಂಬ ಎಮ್ಯುಲೇಟರ್ (ಬೇರೆ ಯಂತ್ರದ ಆಟವನ್ನು ಕಂಪ್ಯೂಟರ್‌ನಲ್ಲಿ ನಡೆಸುವ ತಂತ್ರಾಂಶ) ಚೆನ್ನಾಗಿ ನಡೆಯುತ್ತದೆ. ಎಮ್ಯುಲೇಟರ್‌ನ ಕ್ಷಣಚಿತ್ರ ಸೇವ್ ಬೇರೆ, ಆಟದೊಳಗಿನ ಸೇವ್ ಬೇರೆ. ತಯಾರಕರು ಹೊಸ ಪ್ಯಾಚ್ ಬಿಟ್ಟಾಗ ಹಳೆಯ ಕ್ಷಣಚಿತ್ರವನ್ನು ತೆರೆಯಬೇಡಿ. ಹಳೆಯ ಆವೃತ್ತಿಯ ನೆನಪು ಅದರಲ್ಲಿ ಹಾಗೆಯೇ ಕುಳಿತಿರುತ್ತದೆ, ಹೊಸದರೊಡನೆ ಜಗಳಕ್ಕೆ ಬೀಳುತ್ತದೆ. ಅಧ್ಯಾಯದ ಕೊನೆಯಲ್ಲಿ ಆಟದೊಳಗೇ ಸೇವ್ ಮಾಡಿ, ಹೊಸ ಆವೃತ್ತಿಯಲ್ಲಿ ಅಲ್ಲಿಂದ ಮುಂದುವರಿಯಿರಿ. ಇನ್ನೊಂದು ಮಾತು ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು: ಗೇಮ್ ಬಾಯ್ ಅಡ್ವಾನ್ಸ್‌ನ ಫೈರ್ ಎಂಬ್ಲಮ್ ಆಟಗಳು ಪ್ರತಿ ನಡೆಯನ್ನೂ ತಾವಾಗಿಯೇ ಉಳಿಸಿಕೊಳ್ಳುತ್ತವೆ. ಬ್ಯಾಟರಿ ಸತ್ತ ನಮ್ಮ ಲ್ಯಾಪ್‌ಟಾಪ್ ಕರೆಂಟು ಹೋದೊಡನೆ ಆರಿಹೋಗುತ್ತಿತ್ತು, ಮತ್ತೆ ಹಚ್ಚಿದರೆ ಅದೇ ಯೋಧ ಅದೇ ಮನೆಯಲ್ಲಿ ನಿಂತಿರುತ್ತಿದ್ದ.

ಅಂಕಿಯನ್ನು ನಂಬುವ ಮೊದಲು

ಹೊಡೆಯುವ ಮೊದಲು ಆಟ ಒಂದು ಅಂಕಿ ತೋರಿಸುತ್ತದೆ, ಏಟು ತಾಗುವ ಸಾಧ್ಯತೆ ನೂರಕ್ಕೆ ಇಷ್ಟು ಎಂದು. ಫ್ಯಾಮಿಕಾಮ್ ಆಟಗಳಲ್ಲಿ 75 ಎಂದರೆ 75. ಆಟ 0ರಿಂದ 99ರ ನಡುವೆ ಒಂದು ಸಂಖ್ಯೆ ಎತ್ತುತ್ತದೆ, ಅದು 75ಕ್ಕಿಂತ ಕಡಿಮೆಯಿದ್ದರೆ ಏಟು ತಾಗಿತು. 2002ರ ಆಟದಿಂದ ಈ ಲೆಕ್ಕ ಬದಲಾಯಿತು. ಎರಡು ಸಂಖ್ಯೆ ಎತ್ತಿ ಅವುಗಳ ಸರಾಸರಿಯನ್ನು ನೋಡುತ್ತದೆ. ಪರದೆಯ ಮೇಲಿನ ಅಂಕಿ ಮಾತ್ರ ಮೊದಲಿನಂತೆಯೇ.

ಇದರಿಂದ ಏನಾಗುತ್ತದೆ ಎಂಬುದು ಚೌಕಾಬಾರ ಆಡಿದವರಿಗೆ ಬೇಗ ತಿಳಿಯುತ್ತದೆ. ನಾಲ್ಕು ಕವಡೆ ಉರುಳಿಸಿದರೆ ಎರಡು ಬೀಳುವುದೇ ಹೆಚ್ಚು. ಚೌಕವೋ ಬಾರವೋ ಬೀಳಲು ಕಾಯಬೇಕು. ಹೆಚ್ಚು ಕವಡೆ ಸೇರಿದಷ್ಟೂ ಫಲ ನಡುವಿಗೆ ಜಾರುತ್ತದೆ. ಎರಡು ಸಂಖ್ಯೆಯ ಸರಾಸರಿಯೂ ಹಾಗೆಯೇ 50ರ ಸುತ್ತ ಗುಂಪುಗೂಡುತ್ತದೆ. ಹೀಗಾಗಿ ತೋರಿಸುವ 75 ನಿಜದಲ್ಲಿ 87.75 ಆಗುತ್ತದೆ. 90 ಎಂದು ತೋರಿಸಿದರೆ 98.1. ಕೆಳಗಿನ ತುದಿಯಲ್ಲಿ ಇದು ತಿರುಗುಮುರುಗು: ಶತ್ರುವಿಗೆ 25 ಎಂದು ಕಂಡರೆ ನಿಜವಾಗಿ 12.75, 30 ಎಂದು ಕಂಡರೆ 18.3. ನಂಬಿಕೆ ಬರದಿದ್ದರೆ ನೂರು ಗುಣಿಸು ನೂರು, ಹತ್ತು ಸಾವಿರ ಜೋಡಿಗಳಲ್ಲಿ ಎಷ್ಟರ ಮೊತ್ತ 150ಕ್ಕಿಂತ ಕಡಿಮೆ ಎಂದು ಎಣಿಸಿ, 8,775 ಸಿಗುತ್ತದೆ.

ಮರುಕಟ್ಟಿದ ಆಟದಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ. ಗೈಡನ್‌ನ ಉಸಿರೇ ಅದರ ಅನಿಶ್ಚಿತತೆ. ಅಲ್ಲಿ ಕಾಡಿನ ಮನೆಯಲ್ಲಿ ನಿಂತವನನ್ನು ಹೊಡೆಯುವುದು ಕಷ್ಟ, ಎರಡೂ ಕಡೆಯವರು ಗುರಿ ತಪ್ಪಿ ತಪ್ಪಿ ಸುಸ್ತಾಗುತ್ತಾರೆ. ಅದೇ ಕಥೆ, ಅದೇ ಶತ್ರುಗಳು ಎರಡು ಸಂಖ್ಯೆಯ ಎಂಜಿನ್ನಿಗೆ ಬಂದಾಗ ಬಲಶಾಲಿ ಇನ್ನಷ್ಟು ಬಲಶಾಲಿಯಾಗುತ್ತಾನೆ, ಚುರುಕು ಪಾತ್ರಗಳನ್ನು ಮುಟ್ಟುವುದೇ ಕಷ್ಟವಾಗುತ್ತದೆ. ಜಾಣ ತಯಾರಕ ಇದನ್ನರಿತು ಶತ್ರುಗಳ ಸಂಖ್ಯೆ, ಬಲ, ನೆಲದ ರಕ್ಷಣೆ ಎಲ್ಲವನ್ನೂ ಮರುತೂಗುತ್ತಾನೆ. ಆದ್ದರಿಂದ ನಿಮ್ಮ ಆಟದಲ್ಲಿ ಕಾಡಿನ ಮನೆಯ ರಕ್ಷಣೆ ಮೂಲಕ್ಕಿಂತ ಕಡಿಮೆಯಾಗಿ ಕಂಡರೆ ಒಮ್ಮೆಲೇ ಮೂರನೆಯ ಅಂಕಣಕ್ಕೆ ಹಾಕಬೇಡಿ, ಎರಡನೆಯದಕ್ಕೂ ಸೇರಬಹುದು. ಪ್ಯಾಚ್‌ನ ಸೂಚನೆಯಲ್ಲಿ ಲೆಕ್ಕದ ಪದ್ಧತಿ ಬರೆದಿದ್ದರೆ ಅದನ್ನು ಮೊದಲೇ ಓದಿಕೊಳ್ಳಿ. ಬರೆದಿಲ್ಲದಿದ್ದರೆ 75 ಎಂದು ತೋರಿಸಿದ ಏಟುಗಳಲ್ಲಿ ತಾಗಿದ್ದೆಷ್ಟು, ತಪ್ಪಿದ್ದೆಷ್ಟು ಎಂದು ಗೆರೆ ಹಾಕುತ್ತ ಹೋಗಿ. ನೂರು ಏಟಾಗುವ ಹೊತ್ತಿಗೆ ಯಾವ ಪದ್ಧತಿ ಎಂಬ ಅಂದಾಜು ಸಿಗುತ್ತದೆ.

ಒಂದು ನಕ್ಷೆಯನ್ನು ಎರಡು ಸಲ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹೆಜ್ಜೆ ಇದು. ನಕ್ಷೆಯಲ್ಲಿಯೇ ಇಂಥ ಆಟದ ಜೀವ ಇದೆ. ಹುಲಿ-ಕುರಿ ಆಟದ ಹಲಗೆಯ ಒಂದು ಗೆರೆ ಅಳಿಸಿದರೆ ಹುಲಿಯ ಪಾಡೇ ಬೇರೆಯಾಗುವುದಿಲ್ಲವೇ, ಹಾಗೆ.

ಒಂದು ನಕ್ಷೆ ಆರಿಸಿ. ಮೂಲದಲ್ಲಿ ಒಮ್ಮೆ, ಅಭಿಮಾನಿ ರೂಪದಲ್ಲಿ ಒಮ್ಮೆ ಆಡಿ. ಗಣಿತದ ಚೌಕುಳಿ ಪುಸ್ತಕದಲ್ಲಿ ಎರಡನ್ನೂ ಪೆನ್ಸಿಲ್‌ನಿಂದ ಬಿಡಿಸಿ. ಗೇಮ್ ಬಾಯ್ ಅಡ್ವಾನ್ಸ್ ಪರದೆಯ ಅಳತೆ 240 ಗುಣಿಸು 160 ಚುಕ್ಕಿ, ಒಂದು ಮನೆ 16 ಚುಕ್ಕಿ. ಅಂದರೆ ಒಂದು ನೋಟಕ್ಕೆ ಕಾಣುವುದು ಅಡ್ಡಕ್ಕೆ 15 ಮನೆ, ಉದ್ದಕ್ಕೆ 10 ಮನೆ. ಫ್ಯಾಮಿಕಾಮ್ ಪರದೆ 256 ಗುಣಿಸು 240, ಮೇಲಿನಿಂದ ಕೆಳಕ್ಕೆ ಇನ್ನಷ್ಟು ಕಾಣುತ್ತಿತ್ತು. ನಿಮ್ಮ ಚಿತ್ರದ ಮೇಲೆ 15ಕ್ಕೆ 10ರ ಒಂದು ಚೌಕಟ್ಟನ್ನು ರಟ್ಟಿನಿಂದ ಕತ್ತರಿಸಿ ಇಟ್ಟು ಸರಿಸಿ ನೋಡಿ. ಬರುತ್ತಿರುವ ಶತ್ರು ಎಷ್ಟು ಹೊತ್ತು ಚೌಕಟ್ಟಿನ ಹೊರಗಿರುತ್ತಾನೆ ಎಂಬುದು ಥಟ್ಟನೆ ಕಾಣುತ್ತದೆ. ನಕ್ಷೆಯನ್ನು ಕಿರಿದು ಮಾಡಿದ್ದಾರೆ ಎಂದು ದೂರುವ ಮೊದಲು ಈ ರಟ್ಟನ್ನು ಒಮ್ಮೆ ಸರಿಸಬೇಕು.

ನಾವು ಆರಿಸಿದ್ದು ಎರಡನೆಯ ಅಧ್ಯಾಯದ ಸಮುದ್ರದ ಯುದ್ಧ. ಸೆಲಿಕಾಳ ಹಡಗಿಗೆ ಕಡಲ್ಗಳ್ಳರ ಹಡಗು ಬಂದು ತಾಗಿಕೊಳ್ಳುತ್ತದೆ. ನಡುವೆ ನೀರು, ದಾಟಲು ಕಿರಿದಾದ ಜಾಗ. ಈ ನಕ್ಷೆಗಳ ಮೇಲೆ ಆಟಗಾರರ ದೂರು ಹಳೆಯದು: ಎಲ್ಲರೂ ಒಂದೇ ಕಿಂಡಿಯಲ್ಲಿ ಸಾಲು ನಿಲ್ಲಬೇಕು, ಹಿಂದಿನವರಿಗೆ ಮಾಡಲು ಕೆಲಸವಿಲ್ಲ. 2017ರಲ್ಲಿ ಕಂಪನಿಯವರೇ ಮರುಕಟ್ಟಿದಾಗಲೂ ನಕ್ಷೆಗಳನ್ನು ಬಹುಮಟ್ಟಿಗೆ ಮೂಲದಂತೆಯೇ ಇಟ್ಟರು. ಹೀಗಾಗಿ ಅಭಿಮಾನಿ ತಯಾರಕನ ಮನಸ್ಸು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಹುಡುಗ ಚಿತ್ರ ಬಿಡಿಸಿ ನೋಡಿ, "ಮಾವ, ಇದು ನಮ್ಮ ಬೈತಖೋಲ" ಎಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ 61 ದಿನ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದರ ಮಗ್ಗುಲಿಗೆ ಒಂದು ಕಟ್ಟಿಕೊಂಡು ನಿಲ್ಲುತ್ತವೆ. ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಇಬ್ಬರೂ ಹೋಗಿ ನೋಡಿದೆವು. ಧಕ್ಕೆಯಿಂದ ನಾಲ್ಕನೆಯ ಬೋಟಿಗೆ ಬಲೆಯ ಗಂಟು ಒಯ್ಯುತ್ತಿದ್ದರು. ಮೊದಲನೆಯ ಬೋಟಿನ ಅಂಚಿಗೆ ಕಾಲಿಟ್ಟು, ಒಳಗಿಳಿದು, ಆಚೆಯ ಅಂಚು ಏರಿ, ನಡುವೆ ತೂಗುವ ಹಳೆಯ ಟೈರಿನ ಮೇಲಿನಿಂದ ಎರಡನೆಯದಕ್ಕೆ ದಾಟಬೇಕು. ದಾಟುವ ಜಾಗ ಒಂದೇ ಇದ್ದಲ್ಲಿ ಹೊರೆ ಹೊತ್ತ ಐದು ಜನ ಸಾಲಾಗಿ ನಿಂತಿದ್ದರು. ಎರಡು ಬೋಟುಗಳು ಮಗ್ಗುಲಿನ ಉದ್ದಕ್ಕೂ ತಾಗಿಕೊಂಡಿದ್ದ ಇನ್ನೊಂದು ಕಡೆ ಮೂವರು ಒಟ್ಟಿಗೆ ದಾಟಿದರು. ಅಲೆ ಬಂದಾಗ ಆ ಅಂತರ ಒಂದು ಗೇಣು ಅಗಲವಾಗುತ್ತಿತ್ತು, ಹೊರೆ ಹೊತ್ತವರು ಕಾದು ನಿಲ್ಲುತ್ತಿದ್ದರು.

ಮನೆಗೆ ಬಂದು ಅವನು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಎರಡೂ ರೂಪಗಳಲ್ಲಿ "ಸುಮ್ಮನೆ ನಡೆದ ಸರದಿ" ಎಷ್ಟು ಎಂದು ಎಣಿಸಿದ. ಅಂದರೆ ನಮ್ಮ ಪಡೆಯ ಯಾರೊಬ್ಬರೂ ಹೊಡೆಯದೆ, ಹೊಡೆತ ತಿನ್ನದೆ ಕಳೆದ ಸರದಿಗಳು. ಆಮೇಲೆ ದಾಟುವ ಕಿಂಡಿಗಳನ್ನು ಕೆಂಪು ಬಣ್ಣದಲ್ಲಿ ತುಂಬಿಸಿದ. ನಕ್ಷೆಯೊಂದನ್ನು ಅಳೆಯಲು ಈ ಎರಡು ಲೆಕ್ಕ ಸಾಕೆಂದು ನನಗೆ ಅನಿಸುತ್ತದೆ. ಕಿಂಡಿ ಹೆಚ್ಚಿಸಿ, ಸುಮ್ಮನೆ ನಡೆದ ಸರದಿ ಕಡಿಮೆ ಮಾಡಿ, ಆದರೂ ಕಡಲ ನಡುವೆ ಸಿಕ್ಕಿಬಿದ್ದ ಭಯವನ್ನು ಉಳಿಸಿದ್ದರೆ ಆ ತಯಾರಕನಿಗೆ ಮೂಲ ಅರ್ಥವಾಗಿದೆ. ಕಿಂಡಿಯನ್ನು ಅಗಲ ಮಾಡಿ ಹಡಗನ್ನು ಬಯಲು ಮಾಡಿಬಿಟ್ಟಿದ್ದರೆ ಆಟ ಸಲೀಸಾಗಿ ಸಾಗುತ್ತದೆ, ಸಮುದ್ರ ಮಾತ್ರ ಕಳೆದುಹೋಗುತ್ತದೆ. ನಾನು ಮೊದಲನೆಯವನ ಪಕ್ಷ. ಮೂಲದ ಕಿಂಡಿಯನ್ನು ಒಂದಿಷ್ಟೂ ಮುಟ್ಟದೆ ಬಿಟ್ಟವನನ್ನೂ ತಳ್ಳಿಹಾಕಲಾರೆ, ಆದರೆ ಅವನು ಬೇರೆ ಯಾವುದರಿಂದಾದರೂ, ಶತ್ರುಗಳು ಬರುವ ಹೊತ್ತಿನಿಂದಲೋ ಹಾರುವ ಕುದುರೆಯವರಿಂದಲೋ, ಹಿಂದೆ ನಿಂತವರಿಗೆ ಕೆಲಸ ಕೊಟ್ಟಿರಬೇಕು.

ಮೊದಲ ಸಲ ಆಡುವಾಗ, ನಡೆಗಳನ್ನು ಹಿಂದಕ್ಕೆ ಸರಿಸುವ ಸೌಲಭ್ಯ ಇದ್ದರೂ ಬಳಸಬೇಡಿ ಎಂಬುದು ನನ್ನ ಕೋರಿಕೆ. ಒಬ್ಬ ಯೋಧ ಸತ್ತರೆ ಸಾಯಲಿ. ನಕ್ಷೆ ಎಲ್ಲಿ ಕಚ್ಚುತ್ತದೆ ಎಂದು ತಿಳಿಯುವುದು ಆಗಲೇ. ಎರಡನೆಯ ಸಲ ಬೇಕಾದಂತೆ ಆಡಿ.

ಮುಖ, ದನಿ

ಈ ಎಂಜಿನ್ನಿನಲ್ಲಿ ಒಂದು ಮುಖಚಿತ್ರದ ಅಳತೆ 96 ಗುಣಿಸು 80 ಚುಕ್ಕಿ, ಅದಕ್ಕೆ ಸಿಗುವ ಬಣ್ಣ 16, ಅದರಲ್ಲಿ ಒಂದು ಹಿನ್ನೆಲೆಗೆ ಹೋಗುತ್ತದೆ. ಉಳಿದ 15ರಲ್ಲಿ ಚರ್ಮ, ಕೂದಲು, ಕವಚ, ಕಣ್ಣು ಎಲ್ಲ ಆಗಬೇಕು. ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಸೆಲಿಕಾಳ ಕೆಂಗೂದಲಿನ ಕಡುನೆರಳಿಗೆ ಬಳಸಿದ ಬಣ್ಣವೇ ತುಟಿಯ ಗೆರೆಯಲ್ಲಿಯೂ ಬಂದಿದೆಯೇ, ಕವಚದ ಹೊಳಪೂ ಕಣ್ಣಿನ ಬಿಳುಪೂ ಒಂದೇ ಬಣ್ಣವೇ ಎಂದು ಹುಡುಕಿ. ಸಂಗೀತಕ್ಕೂ ಇದೇ ಕಿವಿ ಬೇಕು. ಮೂಲದ ಸಂಗೀತ ಯುಕಾ ತ್ಸುಜಿಯೊಕೊ ಅವರದು, ಫ್ಯಾಮಿಕಾಮ್‌ನ ಐದೇ ದನಿಗಳಲ್ಲಿ ಕಟ್ಟಿದ್ದು. ಅದೇ ರಾಗ ಹೊಸ ಯಂತ್ರದ ವಾದ್ಯಗಳಿಗೆ ಬಂದಾಗ ದನಿಯ ತೆಳುವು ಹೋಗಿ ತುಂಬು ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಸಾಕು, ಹೆಚ್ಚು ಹೇಳುವುದಿಲ್ಲ.

ಒಂದು ಸಂಭಾಷಣೆಯನ್ನು ಕನ್ನಡಕ್ಕೆ ತನ್ನಿ

ಮಾತಿನ ಗುಣಮಟ್ಟ ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದು. ಒಂದು ದೃಶ್ಯ ಆರಿಸಿ, ಅದನ್ನು ನಮ್ಮ ಭಾಷೆಯಲ್ಲಿ ಬರೆಯಿರಿ. ಮಾತಿನ ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಎರಡೇ ಸಾಲು ಹಿಡಿಯುತ್ತವೆ, ಆ ಕಟ್ಟನ್ನೂ ಪಾಲಿಸಿ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸಂಬೋಧನೆ ಸಾಕಾಗುತ್ತದೆ. ಕನ್ನಡದಲ್ಲಿ ಬರೆಯಲು ಕುಳಿತ ತಕ್ಷಣ ಯಾರು ಯಾರಿಗೆ ಏನಾಗಬೇಕು ಎಂದು ನಿರ್ಧರಿಸಲೇಬೇಕಾಗುತ್ತದೆ.

ಸೆಲಿಕಾ ತಾನು ರಾಜಕುಮಾರಿ ಎಂಬುದನ್ನು ಮುಚ್ಚಿಟ್ಟುಕೊಂಡು ಬೆಳೆದವಳು. ಆಲ್ಮ್‌ಗೆ ಅವಳು ಹಳ್ಳಿಯಲ್ಲಿ ಜೊತೆಗೆ ಆಡಿದ ಗೆಳತಿ. ಅವನ ಬಾಯಲ್ಲಿ ಎದುರಿಗಿದ್ದವಳಿಗೆ "ನೀನು" ಬರುತ್ತದೆ. ಕಾಣದ ರಾಜಕುಮಾರಿಯ ಮಾತು ಎತ್ತಬೇಕಾದರೆ "ಅವರು" ಎನ್ನಬೇಕು. ಇಬ್ಬರೂ ಒಬ್ಬಳೇ. ಆ ಎರಡು ಸರ್ವನಾಮಗಳ ನಡುವೆ ಅವಳು ಸುಮ್ಮನೆ ನಿಂತಿದ್ದಾಳೆ. ನಮ್ಮ ಹುಡುಗ ಇದನ್ನು ಬರೆಯುತ್ತ ಪೆನ್ಸಿಲ್ ಕಚ್ಚಿಕೊಂಡು ಕುಳಿತ, "ಅವಳು ಉತ್ತರ ಕೊಡುವಾಗ ಏನೆನ್ನಬೇಕು ಮಾವ? 'ಅವರು' ಎಂದರೆ ಸುಳ್ಳು ಹೇಳಿದಂತೆ, 'ಅವಳು' ಎಂದರೆ ಸಿಕ್ಕಿಬಿದ್ದಂತೆ" ಎಂದ. ಕೊನೆಗೆ ಸರ್ವನಾಮವೇ ಇಲ್ಲದ ವಾಕ್ಯ ಬರೆದ. ಪಾತ್ರಗಳ ಮಾತು ಹೀಗೆ ಕನ್ನಡಕ್ಕೆ ಬರುವಾಗ ತಡವರಿಸಿದರೆ, ಆ ಬರವಣಿಗೆಯಲ್ಲಿ ಜೀವ ಇದೆ ಎಂದು ತಿಳಿಯಿರಿ. ಯಾರ ಬಾಯಿಗೆ ಯಾರ ಮಾತು ಹಾಕಿದರೂ ನಡೆಯುತ್ತದೆ ಎಂದಾದರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ.

ತಯಾರಕರಿಗೆ ಬರೆಯಿರಿ

ಆಟದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯನ್ನು ದಾಟಿಸದೆ ಓದಿ. ಒಬ್ಬರು ಮುಖ ಬಿಡಿಸಿದ್ದಾರೆ, ಇನ್ನೊಬ್ಬರು ಕತ್ತಿ ಬೀಸುವ ಚಲನೆಯನ್ನು ಒಂದೊಂದೇ ಚಿತ್ರವಾಗಿ ಬರೆದಿದ್ದಾರೆ, ಮತ್ತೊಬ್ಬರು ಆಡಿ ತಪ್ಪು ಹುಡುಕಿದ್ದಾರೆ. ಯಾರಿಗೂ ಸಂಬಳವಿಲ್ಲ. ಅವರಿಗೆ ಸಲ್ಲುವುದು ಆಡಿದವರ ನಾಲ್ಕು ಸಾಲು ಮಾತ್ರ, ಆ ನಾಲ್ಕು ಸಾಲು ಕೆಲಸಕ್ಕೆ ಬರುವಂತಿರಲಿ.

ತಪ್ಪು ಕಂಡಿದ್ದರೆ ಪ್ಯಾಚ್‌ನ ಆವೃತ್ತಿ, ಅಧ್ಯಾಯ, ಎಷ್ಟನೆಯ ಸರದಿ, ಯಾರು ಯಾವ ಮನೆಯಲ್ಲಿದ್ದರು, ನೀವು ಏನು ಒತ್ತಿದಿರಿ ಎಂದು ಬರೆಯಿರಿ. ಪರದೆಯ ಚಿತ್ರ ಮತ್ತು ಸೇವ್ ಕಡತ ಜೊತೆಗಿರಲಿ. ಅದೇ ತಪ್ಪು ಎರಡನೆಯ ಸಲವೂ ಬರುತ್ತದೆಯೇ ಎಂದು ನೋಡಿಯೇ ಕಳುಹಿಸಿ. ಮೆಚ್ಚಿಕೊಂಡದ್ದನ್ನು ಬರೆಯುವಾಗಲೂ ಇಷ್ಟೇ ನಿಖರವಾಗಿರಿ. "ಬಹಳ ಚೆನ್ನಾಗಿದೆ" ಎಂಬುದು ಸಂತೋಷ ಕೊಡುತ್ತದೆ, ಯಾವುದು ಎಂಬುದು ತಿಳಿಯುವುದಿಲ್ಲ. ಮುಂದಿನ ಆವೃತ್ತಿ ಯಾವಾಗ ಎಂದು ಕೇಳಬೇಡಿ. ಅವರಿಗೂ ಹಗಲಿನ ಕೆಲಸವಿದೆ, ಮನೆ ಇದೆ.

ಶಿರಸಿಗೆ ಹೊರಡುವ ಹಿಂದಿನ ರಾತ್ರಿ ಹುಡುಗ ಬರೆದ ಪತ್ರದಲ್ಲಿ ಮೂರು ಸಂಗತಿಗಳಿದ್ದವು. ಮಂತ್ರಕ್ಕೆ ಜೀವಬಲ ಕೊಡುವ ನಿಯಮವನ್ನು ಬಿಡದೆ ಉಳಿಸಿದ್ದಕ್ಕೆ ಕೃತಜ್ಞತೆ. ಮೂರನೆಯ ಅಧ್ಯಾಯದಲ್ಲಿ ಒಂದು ಬಾಗಿಲಿನ ಹೆಸರು ತಪ್ಪಾಗಿ ಬರುತ್ತಿದೆ ಎಂಬ ಸೂಚನೆ, ಸರದಿಯ ಸಂಖ್ಯೆಯೊಂದಿಗೆ. ಕೊನೆಯದು ಚೌಕುಳಿ ಪುಸ್ತಕದ ಹಾಳೆಯ ಫೋಟೊ: ಎರಡು ಹಡಗು, ಕೆಂಪು ಕಿಂಡಿಗಳು, ಪಕ್ಕದಲ್ಲಿ ಹಡಗುಗಳ ಮಗ್ಗುಲು ಉದ್ದಕ್ಕೂ ತಾಗಿರುವ ಇನ್ನೊಂದು ಚಿತ್ರ. ಅದರ ಕೆಳಗೆ, ನಮ್ಮ ಬಂದರಿನಲ್ಲಿ ಬೋಟುಗಳನ್ನು ಹೀಗೆ ಕಟ್ಟುತ್ತಾರೆ, ಮೂವರು ಒಟ್ಟಿಗೆ ದಾಟಬಹುದು, ಆದರೆ ಅಲೆ ಬಂದ ಸರದಿಯಲ್ಲಿ ಯಾರೂ ದಾಟುವಂತಿಲ್ಲ ಎಂದು ಬರೆದಿದ್ದ.